ನಿಷ್ಠೆ ಮತ್ತು ಅವಧಾನ

ಮನುಷ್ಯನು ತನ್ನ ದೇಹವನ್ನು ಕಠಿಣ ಪರೀಕ್ಷೆಗೆ ಒಡ್ಡಿಕೊಳ್ಳುವುದು ಹೊಸದಲ್ಲ. ತಪಸ್ಸು, ಪಾದಯಾತ್ರೆ, ಗರಡಿಮನೆಯ ಸಾಧನೆ ಇವೆಲ್ಲ ಅದರ ಹಳೆಯ ರೂಪಗಳು. ಇತ್ತೀಚೆಗೆ ಬೆಟ್ಟದ ಓಟವೂ ಅವುಗಳ ಸಾಲಿಗೆ ಸೇರಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾದಂತಹ ಓಟಗಳಲ್ಲಿ ತರುಣರು 50, 100 ಕಿಲೋಮೀಟರುಗಳ ಏರಿಳಿತವನ್ನು ಗೊತ್ತಾದ ಅವಧಿಯೊಳಗೆ ಕ್ರಮಿಸುತ್ತಾರೆ.

ನಾವು ಘಟಪ್ರಭೆಯ ದಡದ ಘೋಡಗೇರಿಗೆ ದಯಮಾಡಿಸಿದ್ದಾಗ ಶ್ರೀಮಠದ ಪ್ರಸಾದನಿಲಯದಲ್ಲಿ ಓದಿದ ತರುಣನೊಬ್ಬ ತಾಯಿಯೊಂದಿಗೆ ದರ್ಶನಕ್ಕೆ ಬಂದನು. ಇಂತಹುದೇ ಒಂದು ಓಟದಲ್ಲಿ ದೊರೆತ ಪದಕವನ್ನು ನಮ್ಮ ಮುಂದಿಟ್ಟು, "ಅಪ್ಪಾರ, ಓಟ ಮುಗಿಸೇನ್ರಿ, ಆದರ ಮನಸ್ಸಿಗೆ ಸಮಾಧಾನ ಇಲ್ರಿ" ಎಂದನು. ಕಡಿದಾದ ಇಳಿಜಾರಿನಲ್ಲಿ ಜೊತೆಯ ಓಟಗಾರನೊಬ್ಬ ಕಾಲು ಉಳುಕಿ ಕುಳಿತಿದ್ದನಂತೆ, ಕೈ ಚಾಚಿದ್ದನಂತೆ. "ಹಿಂದ ಬರೋರು ನೋಡ್ತಾರ" ಎಂದು ಇವನು ಓಡಿಬಿಟ್ಟನು. ಅವಧಿ ಮುಗಿಯಲು ಕೆಲವೇ ನಿಮಿಷಗಳಿರುವಾಗ ಗುರಿ ಮುಟ್ಟಿದನು. ಬಿದ್ದವನಿಗೆ ಹೆಚ್ಚಿನ ಅಪಾಯವಾಗಲಿಲ್ಲ. "ನಾ ಮಾಡಿದ್ದು ತಪ್ಪೇನ್ರಿ?" ಇದು ಅವನ ಪ್ರಶ್ನೆ.

ಈ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ವರ್ಷವಿಡೀ ನಸುಕಿನಲ್ಲೆದ್ದು ಅಭ್ಯಾಸ ಮಾಡಿದವನ ಸಂಕಲ್ಪ ಅಲ್ಪವಾದುದಲ್ಲ. ಷಟ್‌ಸ್ಥಲದಲ್ಲಿ ಮಹೇಶನ ಲಕ್ಷಣವೇ ನಿಷ್ಠೆ. ಹಿಡಿದುದನ್ನು ಬಿಡದಿರುವ ಗುಣವಿಲ್ಲದೆ ಯಾವ ಸಾಧನೆಯೂ ಇಲ್ಲ. ಆದರೆ ನಿಷ್ಠೆಯು ಆರರಲ್ಲಿ ಎರಡನೆಯ ಮೆಟ್ಟಿಲು ಮಾತ್ರ. ಅದರ ಮೇಲಿನದು ಪ್ರಸಾದಿಸ್ಥಲ. ಅದರ ಲಕ್ಷಣ ಅವಧಾನ. ಎದುರಿಗೆ ಬಂದುದನ್ನು ಎಚ್ಚರದಿಂದ ಪ್ರಸಾದವೆಂದು ಸ್ವೀಕರಿಸುವುದೇ ಅವಧಾನ. ಅವಧಾನಕ್ಕೆ ಏರದ ನಿಷ್ಠೆ ಬರಿಯ ಹಠವಾಗಿ ಉಳಿಯುತ್ತದೆ. ಹಠಕ್ಕೆ ಗುರಿ ಕಾಣುತ್ತದೆ, ದಾರಿ ಕಾಣುವುದಿಲ್ಲ.

2021ರ ಮೇ 22ರಂದು ಚೀನದ ಗಾನ್ಸು ಪ್ರಾಂತದಲ್ಲಿ 100 ಕಿಲೋಮೀಟರಿನ ಬೆಟ್ಟದ ಓಟವೊಂದು ನಡೆಯಿತು. ಓಡಿದವರು 172 ಮಂದಿ. ನಡುವೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಎರಗಿದವು. ತೆಳುವಾದ ಉಡುಪಿನಲ್ಲಿದ್ದ ಓಟಗಾರರ ಮೈ ಶಾಖವು ಇಳಿಯುತ್ತ ಹೋಗಿ 21 ಮಂದಿ ಅಸುನೀಗಿದರು. ಅವರಲ್ಲಿ ಆ ದೇಶದ ಹೆಸರಾಂತ ಓಟಗಾರರೂ ಇದ್ದರು. ಅದೇ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ ಜೂ ಕೆಮಿಂಗ್ ಎಂಬವನು ಮಳೆಗೆ ಗುಹೆಯೊಂದನ್ನು ಹೊಕ್ಕಿದ್ದನು. ಹೊರಗೆ ತತ್ತರಿಸುತ್ತಿದ್ದವರನ್ನು ಒಳಕರೆತಂದು, ಬೆಂಕಿ ಹಾಕಿ, ಬೆಚ್ಚಗೆ ಹೊದಿಸಿ ಆರು ಜೀವಗಳನ್ನು ಉಳಿಸಿದನು. ಅವನು ಯಾವ ಪಂದ್ಯದಲ್ಲಿಯೂ ಇರಲಿಲ್ಲ. ಕುರಿ ಕಾಯುವ ಕಾಯಕದಲ್ಲಿದ್ದನು, ಕಣ್ಣು ತೆರೆದಿದ್ದನು. ಅವಧಾನವೆಂಬುದು ಶಾಸ್ತ್ರ ಓದಿದವರ ಸೊತ್ತಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ನಮ್ಮ ಭಾಗದ ಭಕ್ತರಿಗೆ ಬೆಟ್ಟದ ದಾರಿ ಅಪರಿಚಿತವಲ್ಲ. ಯುಗಾದಿಗೆ ಮುನ್ನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರು ನಲ್ಲಮಲೆಯ ಕಾಡನ್ನು ಹೊಕ್ಕು, ಭೀಮನಕೊಳ್ಳವನ್ನಿಳಿದು, ಕೈಲಾಸದ್ವಾರದ ಏರನ್ನು ಏರುತ್ತಾರೆ. ಶ್ರಮದಲ್ಲಿ ಆ ದಾರಿ ಯಾವ ಪಂದ್ಯಕ್ಕೂ ಕಡಿಮೆಯಲ್ಲ. ಆದರೆ ಅಲ್ಲಿ ಮೊದಲಿಗನೆಂಬವನಿಲ್ಲ. ದಣಿದವನ ಗಂಟನ್ನು ಗಟ್ಟಿಗನು ಹೊರುತ್ತಾನೆ. ಬೊಬ್ಬೆಯೆದ್ದ ಪಾದಕ್ಕೆ ಗುರುತಿಲ್ಲದವರು ಎಣ್ಣೆ ಹಚ್ಚುತ್ತಾರೆ. ತಡವಾಗಿ ಬಂದವನಿಗೆ ಮಲ್ಲಯ್ಯನ ದರ್ಶನ ತಪ್ಪುವುದಿಲ್ಲ.

ಹಾಗೆಂದು ಪಂದ್ಯವನ್ನೇ ಹಳಿಯಲಾಗದು. ಬಿದ್ದವನಿಗೆ ನೆರವಾಗುವುದು ಕಡ್ಡಾಯವೆಂದು ಇಂತಹ ಹಲವು ಓಟಗಳ ನಿಯಮಗಳೇ ವಿಧಿಸುತ್ತವೆ. ಪ್ರತಿಯೊಬ್ಬನೂ ಓಟವನ್ನೇ ತೊರೆಯಬೇಕೆಂದೂ ಅಲ್ಲ. ನಿಲ್ಲುವುದು, ಕೇಳುವುದು, ಇನ್ನೊಬ್ಬರು ಬಂದು ಸೇರುವ ತನಕ ಜೊತೆಗಿರುವುದು, ಇಷ್ಟು ಸಾಕಾಗಬಹುದು. "ಹಿಂದೆ ಬರುವವರು ನೋಡುತ್ತಾರೆ" ಎಂಬ ಮಾತಿನಲ್ಲಿಯೇ ದೋಷವಿದೆ. ಹಿಂದೆ ಬರುವವನೂ ಅದನ್ನೇ ಅಂದುಕೊಂಡರೆ ಬಿದ್ದವನಿಗೆ ಯಾರು ದಿಕ್ಕು? ಆತನಿಗೆ ಅಪಾಯವಾಗಲಿಲ್ಲವೆಂಬುದು ದೈವಕೃಪೆ. ಅದು ನಮ್ಮ ನಡತೆಗೆ ಸಮರ್ಥನೆಯಾಗದು.

ನಾವು ಇದನ್ನೆಲ್ಲ ಹೇಳುವ ಮೊದಲೇ ಆ ತಾಯಿ ಮಗನನ್ನು ಕೇಳಿದಳು: "ತಮ್ಮಾ, ಆ ಹುಡುಗನ ಹೆಸರೇನು?" ಅವನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿದನು.

ಆ ಹೆಸರನ್ನು ಹುಡುಕಿ ಕ್ಷೇಮ ವಿಚಾರಿಸಿ ಬಾ ಎಂದು ಅಪ್ಪಣೆ ಕೊಡಿಸಿದೆವು. ಮುಂದಿನ ವರ್ಷವೂ ಓಡಲಿ ಎಂದು ಹರಸಿದೆವು. ಭಕ್ತರೇ, ನಾವೆಲ್ಲರೂ ಒಂದಿಲ್ಲೊಂದು ಬೆಟ್ಟವನ್ನು ಏರುತ್ತಿರುವವರೇ. ಸಂಕಲ್ಪ ಗಟ್ಟಿಯಾಗಿರಲಿ, ಚಾಚಿದ ಕೈ ಕಾಣುವಷ್ಟು ಕಣ್ಣು ತೆರೆದಿರಲಿ.