ಜಂಗಮವಾಗಬೇಕಾದ ವಿದ್ಯೆ

ಶಿಶುವಿಗೆ ಲಿಂಗಧಾರಣೆ ಮಾಡುವಾಗ ಅದರ ಯೋಗ್ಯತೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಕಣ್ಣು ಕಾಣುವುದೋ, ಕಿವಿ ಕೇಳುವುದೋ, ಬುದ್ಧಿ ಚುರುಕಾಗುವುದೋ ಎಂದು ವಿಚಾರಿಸದೆಯೇ ಗುರುವು ಕೂಸಿಗೆ ಲಿಂಗವನ್ನು ಅನುಗ್ರಹಿಸುವನು. ಅರಿವಿನ ಬೀಜವು ಎಲ್ಲರಲ್ಲಿಯೂ ಇದೆಯೆಂಬ ನಂಬಿಕೆಯೇ ಇದಕ್ಕೆ ಮೂಲ. ಲಿಂಗವನ್ನು ಕೊಡುವಾಗ ಕೇಳದ ಪ್ರಶ್ನೆಯನ್ನು ಅಕ್ಷರವನ್ನು ಕೊಡುವಾಗ ಕೇಳುವುದು ಧರ್ಮವೆ? ಸದ್ಭಕ್ತರು ಇದನ್ನು ವಿಚಾರಮಾಡಬೇಕು.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ತೀಕ್ಷ್ಣವಾಗಿ ಎದುರಾಯಿತು. ಪಾಠವು ಮೊಬೈಲಿನಲ್ಲಿಯೂ ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಮನೆಗೆ ಬಂದಿತು. ಆದರೆ ಚಿತ್ರವನ್ನು ತೋರಿಸಿ 'ಇಲ್ಲಿ ನೋಡಿರಿ' ಎಂದರೆ ಕಣ್ಣಿಲ್ಲದ ಮಗುವಿಗೆ ಅದು ಪಾಠವಲ್ಲ. ಹೇಳುವವರ ತುಟಿ ಕಾಣದಿದ್ದರೆ, ಸನ್ನೆಯ ಭಾಷೆಯೂ ಇಲ್ಲದಿದ್ದರೆ, ಕಿವುಡು ಮಗುವಿಗೆ ಅದು ಮೌನ. ನಿಧಾನವಾಗಿ ಗ್ರಹಿಸುವ ಮಗುವಿಗೆ ಅದು ನಿಲ್ಲದೆ ಓಡುವ ಬಂಡಿ. ಶಾಲೆಗಳು ಮರಳಿ ತೆರೆದಿವೆಯಾದರೂ ವಿಷಯ ಮುಗಿದಿಲ್ಲ. ತೀವ್ರ ನ್ಯೂನತೆಯುಳ್ಳ ಮಕ್ಕಳು ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯಿದೆಯ 2012ರ ತಿದ್ದುಪಡಿ ಕೊಟ್ಟಿದೆ. ಅಂಥ ಮಕ್ಕಳಿಗೆ ಮನೆಯೇ ಶಾಲೆ.

'ಇದು ಪೂರ್ವಕರ್ಮದ ಫಲ, ಇವನಿಗೆ ಓದೇಕೆ?' ಎನ್ನುವವರುಂಟು. ಈ ಮಾತು ಶರಣಸಿದ್ಧಾಂತಕ್ಕೆ ವಿರುದ್ಧವಾದುದು. ದೀಕ್ಷೆಯಲ್ಲಿ ಗುರುವು ಪೂರ್ವಾಶ್ರಯವನ್ನು ಕಳೆದ ಮೇಲೆ ಅದನ್ನು ಮತ್ತೆ ಮಗುವಿನ ಹಣೆಗೆ ಹಚ್ಚಲು ನಾವು ಯಾರು? ಹೀಗೆ ಹೇಳುವುದರಿಂದ ತಂದೆತಾಯಿಗಳ ದುಃಖ ಇಮ್ಮಡಿಯಾಗುವುದಲ್ಲದೆ, ಮಾಡಬೇಕಾದ ಕಾಯಕವೂ ತಪ್ಪಿಹೋಗುವುದು.

ಹಾನಗಲ್ಲಿನ ಕುಮಾರಸ್ವಾಮಿಗಳು ಹುಟ್ಟುಗುರುಡನಾದ ಬಾಲಕನೊಬ್ಬನಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಆತನೇ ಪಂಚಾಕ್ಷರ ಗವಾಯಿಗಳು (1892–1944). ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧಬಾಲಕರಿಗೆ ಆಸರೆಯಾದರು. ಮುಚ್ಚಿದ ಬಾಗಿಲನ್ನು ಬಡಿಯುತ್ತ ಕೂರದೆ ತೆರೆದ ಬಾಗಿಲಿನಿಂದ ಒಳಹೊಗುವುದೇ ಗುರುತ್ವ.

ಮನೆಯವರು ಮಾಡಬೇಕಾದುದೂ ಇದೇ. ಕಣ್ಣಿಲ್ಲದ ಮಗುವಿಗೆ ಚಿತ್ರವನ್ನು ಬಾಯಿಂದ ಬಣ್ಣಿಸಿ, ವಸ್ತುವನ್ನು ಕೈಗೆ ಕೊಡಬೇಕು. ಕಿವುಡು ಮಗುವಿಗೆ ಬೆಳಕಿನೆದುರು ಮುಖ ತೋರಿಸಿ, ಸನ್ನೆಯೊಡನೆ ಮಾತಾಡಬೇಕು. ಮಂದವಾಗಿ ಗ್ರಹಿಸುವ ಮಗುವಿಗೆ ಪಾಠವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ, ದಿನವೂ ಅದೇ ಹೊತ್ತಿಗೆ, ಕಾಳು ಕಡ್ಡಿಗಳನ್ನು ಎಣಿಸುತ್ತ ಹೇಳಬೇಕು. ಮುದ್ರಿಸಿಟ್ಟ ಪಾಠವನ್ನು ಬೇಕಾದಷ್ಟು ಸಲ ಕೇಳಿಸಬಹುದು. ಯಂತ್ರಕ್ಕೆ ಬೇಸರವಿಲ್ಲವೆಂಬುದೇ ಅದರ ದೊಡ್ಡ ಉಪಕಾರ. ಚಿಂತಾಮಣಿ, ಗೌರಿಬಿದನೂರುಗಳ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಓದುವ ಪಾಠ ಕನ್ನಡ. ಅಲ್ಲಿ ಮೊದಲು ಮನೆಮಾತಿನಲ್ಲಿ ತಿಳಿಸಿದರೆ ಮಗುವಿನ ಹೊರೆ ಇಳಿಯುವುದು.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೆ ಒಂದು ಸತ್ಯ ಗೊತ್ತು. ಒಂದೇ ತಟ್ಟೆಯ ಹುಳುಗಳೆಲ್ಲ ಒಂದೇ ಹೊತ್ತಿಗೆ ಹಣ್ಣಾಗುವುದಿಲ್ಲ. ಹಣ್ಣಾದುವನ್ನು ಆರಿಸಿ ಚಂದ್ರಿಕೆಗೆ ಬಿಟ್ಟು, ಉಳಿದವಕ್ಕೆ ಮತ್ತೆ ಸೊಪ್ಪು ಹಾಕುವನು, ತಡವಾಯಿತೆಂದು ಎಸೆಯನು. ಹುಳುವಿಗೆ ತೋರುವ ತಾಳ್ಮೆ ಮಗುವಿಗೆ ಸಲ್ಲದೆ? ಯಶಸ್ಸೆಂದರೆ ಪಕ್ಕದ ಮನೆಯ ಮಗುವನ್ನು ಹಿಂದೆ ಹಾಕುವುದಲ್ಲ. ನಿನ್ನೆ ತನಗೆ ಆಗದಿದ್ದುದು ಇಂದು ಆಗುವುದು.

ಆದರೆ ಬೆಳಗಿನಿಂದ ನೂಲು ಬಿಚ್ಚುವ ತಾಯಿಗೆ ಇದಕ್ಕೆಲ್ಲ ಬಿಡುವೆಲ್ಲಿ? ಮನೆಗೊಂದೇ ಮೊಬೈಲು ದುಡಿಯುವವರ ಜೇಬಿನಲ್ಲಿ ಹೊರಟುಹೋದರೆ ಪಾಠವೆಲ್ಲಿ? ಈ ಆಕ್ಷೇಪ ನಿಜವಾದುದು. ಬಡತಾಯಿಗೆ ಉಪದೇಶವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮಿಗಿಲೆಂದರು. ಶಾಲೆಯ ಕಟ್ಟಡ ಸ್ಥಾವರ. ಮಗುವಿದ್ದೆಡೆಗೆ ನಡೆದುಬರುವ ವಿದ್ಯೆ ಜಂಗಮ. 2020ರ ಆಗಸ್ಟಿನಲ್ಲಿ ರಾಜ್ಯದ ವಿದ್ಯಾಗಮ ಯೋಜನೆಯಲ್ಲಿ ಉಪಾಧ್ಯಾಯರು ಮಕ್ಕಳಿದ್ದ ಊರುಕೇರಿಗಳಿಗೇ ಹೋಗಿ ಕಲಿಸಿದರು. ಸೋಂಕಿನ ಭಯದಿಂದ ಅದು ಅಕ್ಟೋಬರಿನಲ್ಲಿ ನಿಂತಿತಾದರೂ ಅದರ ದಾರಿ ಸರಿಯಾದುದೇ. ಓದುಬಲ್ಲ ನೆರೆಯವನು ವಾರಕ್ಕೆ ಎರಡು ಸಂಜೆ ಆ ಮನೆಗೆ ಹೋಗಿ ಕುಳಿತರೆ, ಉಳ್ಳವನು ತನ್ನ ಮೊಬೈಲನ್ನು ಒಂದು ಗಂಟೆ ಬಿಟ್ಟುಕೊಟ್ಟರೆ, ಮಠದ ಪಡಸಾಲೆ ಆ ಮಕ್ಕಳಿಗೆ ತೆರೆದಿದ್ದರೆ, ಅದೇ ದಾಸೋಹ.

ಇದನ್ನು ದಾನವೆನ್ನಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ಗಣನೀಯ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಸಲ್ಲಬೇಕಾದುದು. ಕಾಯಿದೆ ಹಕ್ಕೆಂದುದನ್ನು ಶರಣಧರ್ಮವು ಸಲ್ಲಿಸಬೇಕಾದ ಋಣವೆನ್ನುವುದು. ದಾನದಲ್ಲಿ ಕೊಡುವವನು ಮೇಲು. ದಾಸೋಹದಲ್ಲಿ ಕೊಡುವವನೇ ದಾಸ. ಕಲಿಯಲು ಕಷ್ಟಪಡುವ ಮಗುವಿನ ಮುಂದೆ ಹೀಗೆ ದಾಸರಾಗಿ ಕುಳಿತವರಿಗೆ ಮಗುವಿನ ಅರಿವಿನೊಡನೆ ತಮ್ಮ ಅರಿವೂ ಬೆಳೆಯುವುದು.