ತಾಳಿಕೆ ಯಾರ ಧರ್ಮ?

ತಾಳಿಕೆಯನ್ನು ಸದ್ಗುಣವೆಂದು ಎಲ್ಲ ಕಾಲದ ಹಿರಿಯರೂ ಕೊಂಡಾಡಿದ್ದಾರೆ. ಆದರೆ ತಾನಾಗಿ ತಾಳುವುದು ಬೇರೆ, ಪರರನ್ನು ತಾಳುವಂತೆ ಮಾಡುವುದು ಬೇರೆ. ಮೊದಲನೆಯದು ಸಂಯಮ, ಎರಡನೆಯದು ಎಷ್ಟೋ ವೇಳೆ ಹಿಂಸೆಯ ಸೂಕ್ಷ್ಮ ರೂಪ. ಇವೆರಡರ ನಡುವಿನ ಗೆರೆ ಅಳಿಸಿಹೋಗುವ ಅಪಾಯ ಇಂದಿನ ಉದ್ಯೋಗರಂಗದಲ್ಲಿ ಹೆಚ್ಚಾಗಿದೆ. ‘ಡಿಸೈನ್ ಆಪರೇಷನ್ಸ್’ ಎಂಬ ಹೊಸ ವೃತ್ತಿ ಇದಕ್ಕೊಂದು ನಿದರ್ಶನ.

ಬೆಂಗಳೂರಿನಂತಹ ನಗರಗಳ ತಂತ್ರಾಂಶ ಸಂಸ್ಥೆಗಳಲ್ಲಿ ಫೋನು, ಕಂಪ್ಯೂಟರುಗಳ ತೆರೆಯ ಮೇಲೆ ಕಾಣುವುದನ್ನೆಲ್ಲ ರೂಪಿಸುವ ವಿನ್ಯಾಸಕಾರರಿರುತ್ತಾರೆ. ಅವರ ಕೆಲಸ ಸುಗಮವಾಗಿ ಸಾಗುವಂತೆ ವ್ಯವಸ್ಥೆ ಮಾಡುವವರೇ ಈ ವೃತ್ತಿಯವರು. ಯಾವ ಕೆಲಸ ಯಾರಿಗೆ, ಅದು ಎಂದಿಗೆ ಮುಗಿಯಬೇಕು, ಹೊಸಬರಿಗೆ ಕಲಿಸುವವರಾರು, ಉಪಕರಣಗಳಿಗೆ ತಗಲುವ ವೆಚ್ಚವೆಷ್ಟು, ಸಿದ್ಧವಾದ ವಿನ್ಯಾಸ ಎಂಜಿನಿಯರರ ಕೈಸೇರುವುದು ಹೇಗೆ ಎಂಬುದೆಲ್ಲ ಅವರ ಹೊಣೆ. ಮದುವೆಯ ಮನೆಯಲ್ಲಿ ಅಡುಗೆಯ ರುಚಿಯನ್ನು ಹೊಗಳುವವರು ಉಗ್ರಾಣದವನನ್ನು ನೆನೆಯುವುದಿಲ್ಲ. ಉಪ್ಪು ಬರುವುದು ತಡವಾದರೆ ಮಾತ್ರ ಅವನ ಹೆಸರು ಕೇಳಿಬರುತ್ತದೆ. ಈ ವೃತ್ತಿಯವರ ಪಾಡೂ ಅದೇ.

2022–23ರಲ್ಲಿ ಅನೇಕ ತಂತ್ರಜ್ಞಾನ ಸಂಸ್ಥೆಗಳು ನೌಕರರನ್ನು ದೊಡ್ಡ ಸಂಖ್ಯೆಯಲ್ಲಿ ಕೈಬಿಟ್ಟವು. ಇಂತಹ ಸಮಯದಲ್ಲಿ ಹೋದವರ ಕೆಲಸ ಹೋಗುವುದಿಲ್ಲ. ಅದು ಉಳಿದವರ ಹೆಗಲಿಗೇರುತ್ತದೆ. ಆಗ ಅವರಿಗೆ ದೊರೆಯುವ ಉಪದೇಶ ‘ಮನಸ್ಸನ್ನು ಗಟ್ಟಿಮಾಡಿಕೊಳ್ಳಿ’ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ‘ಬರ್ನ್‌ಔಟ್’ ಎಂಬ ಬಳಲಿಕೆಯನ್ನು ರೋಗವೆನ್ನದೆ, ನಿಭಾಯಿಸಲಾಗದ ದೀರ್ಘಕಾಲದ ಕೆಲಸದೊತ್ತಡದಿಂದ ಹುಟ್ಟುವ ಔದ್ಯೋಗಿಕ ವಿದ್ಯಮಾನವೆಂದು ಗುರುತಿಸಿದೆ. ಬೇರು ಕೆಲಸದಲ್ಲಿರುವಾಗ ಮದ್ದನ್ನು ಕೆಲಸಗಾರನ ಮನಸ್ಸಿಗೆ ಮಾತ್ರ ಹಚ್ಚುವುದು ನ್ಯಾಯವೇ?

ಹಾಗೆಂದು ವ್ಯಕ್ತಿಗೆ ಕರ್ತವ್ಯವೇ ಇಲ್ಲವೆನ್ನಲಾಗದು. ತಿಂಗಳುಗಟ್ಟಲೆ ರೂಪಿಸಿದ ಯೋಜನೆ ಒಂದು ಸಭೆಯಲ್ಲಿ ರದ್ದಾದಾಗ ಅದನ್ನು ತನ್ನ ಸೋಲೆಂದು ತಿಳಿಯದಿರುವುದು, ಮೇಲಿನವರಿಂದ ಬಂದ ಕಟುನುಡಿಯನ್ನು ಕೆಳಗಿನವರಿಗೆ ದಾಟಿಸದಿರುವುದು, ಆಗದ ಕೆಲಸವನ್ನು ಆಗದೆಂದು ಮೊದಲೇ ಹೇಳುವುದು, ಇವು ಅವನ ಸಾಧನೆ. ಇವುಗಳಲ್ಲಿ ಕಡೆಯದು ಕಠಿಣ. ಎಲ್ಲಕ್ಕೂ ಒಪ್ಪಿಕೊಳ್ಳುವವನು ಸಹನಶೀಲನೆನಿಸಿಕೊಳ್ಳುತ್ತಾನೆ. ಆದರೆ ಅವನ ಒಪ್ಪಿಗೆಯಲ್ಲಿ ಅಸತ್ಯದ ಅಂಶವೊಂದು ಅಡಗಿರುತ್ತದೆ.

ಆ ಸತ್ಯವನ್ನು ಆಡಲು ಅಭಯ ಬೇಕು. ಅಭಯವನ್ನು ನೀಡಬೇಕಾದುದು ತಂಡದ ಧರ್ಮ. ಅಮೆರಿಕದ ವಿದ್ವಾಂಸೆ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅಭ್ಯಸಿಸಿದಾಗ, ಉತ್ತಮ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ವರದಿಯಾಗಿದ್ದವು. ಅಲ್ಲಿಯವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗವೊಂದನ್ನು ಎಳೆದು ನೆರವು ಕರೆಯಬಹುದಾಗಿತ್ತು. ದೋಷ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತಿತ್ತು. ವಿನ್ಯಾಸದ ಕಚೇರಿಯಲ್ಲೂ ಇಂತಹ ಹಗ್ಗವೊಂದಿರಬೇಕು. ಪ್ರತಿ ಕೆಲಸವನ್ನೂ ಕನಿಷ್ಠ ಇಬ್ಬರು ಬಲ್ಲವರಾಗಿದ್ದರೆ, ಅದರ ಕ್ರಮ ಬರೆಹದಲ್ಲಿದ್ದರೆ, ಹೊಸ ಹೊಣೆ ಬಂದಾಗ ಹಳೆಯದೊಂದು ಇಳಿಯುವುದಾದರೆ, ಒಬ್ಬನು ಜ್ವರದಿಂದ ಮಲಗಿದ ದಿನ ಉಳಿದವರು ಕಂಗೆಡಬೇಕಾಗಿಲ್ಲ.

ವ್ಯವಸ್ಥೆ ಇಷ್ಟು ಮೃದುವಾದರೆ ಜನ ಸಡಿಲವಾಗುವರೆಂಬ ಆಕ್ಷೇಪ ಉಂಟು. ಅದರಲ್ಲಿ ತಥ್ಯವಿಲ್ಲದಿಲ್ಲ; ಹಂಚಿಕೊಂಡ ಹೊರೆಯ ನೆಪದಲ್ಲಿ ತನ್ನ ಪಾಲನ್ನು ಇಳಿಸುವವರೂ ಇರುತ್ತಾರೆ. ಅಂತಹವರನ್ನು ತಿದ್ದುವುದು ಬೇರೆಯೇ ಕೆಲಸ. ಅವರ ಭಯದಿಂದ ಪ್ರಾಮಾಣಿಕನ ಹೆಗಲನ್ನು ಮುರಿಯುವುದು ಯಾವ ನೀತಿಯೂ ಆಗದು.

ಬಳಲಿದವನಿಗೆ ತಾಳಿಕೆಯನ್ನು ಬೋಧಿಸುವ ಮುನ್ನ ಬೋಧಿಸುವವನು ಆ ಹೊರೆಯ ಒಂದು ತುದಿಗೆ ಕೈಯಿಡಲಿ. ಆಗ ಅದರ ತೂಕವೇನೆಂಬುದು ಅವನಿಗೂ ತಿಳಿದೀತು.