ಉಪವಾಸವೂ ಜಲಪಾನವೂ



ಭಾದ್ರಪದ ಶುಕ್ಲ ಪಂಚಮಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ವ್ರತದ ಮಾತು ಮೊದಲಾಗುತ್ತದೆ. ಯಾರು ಏಕಾಶನ ಮಾಡುವರು, ಯಾರು ಅನಂತ ಚತುರ್ದಶಿಯ ಉಪವಾಸ ಹಿಡಿಯುವರು, ಯಾರು ಹತ್ತು ದಿನವೂ ನಿರಾಹಾರರಾಗಿರುವರು ಎಂದು ಕೇಳಿ ಸಂತೋಷಪಡುತ್ತೇವೆ. ನೀರನ್ನೂ ಬಿಟ್ಟವರದೇ ಉಪವಾಸ, ನೀರು ಕುಡಿದವರದು ಅರ್ಧ ವ್ರತ ಎಂಬ ಭಾವನೆಯೂ ಅದರೊಡನೆ ಬೇರೂರಿದೆ. ಎಪ್ಪತ್ತು ದಾಟಿದ ಅಜ್ಜಿಯರು ಈ ಮಾತಿಗೆ ಅಂಜಿ, ಬಾಯೊಣಗಿದರೂ ಹನಿ ನೀರು ಮುಟ್ಟದೆ, ಅಭಿಷೇಕದ ವೇಳೆಗೆ ತಲೆ ಸುತ್ತಿ ಬಸದಿಯ ಕಂಬಕ್ಕೆ ಒರಗುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಶಾಸ್ತ್ರವೇನು ಹೇಳುತ್ತದೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ವಿಧದ ಆಹಾರದ ತ್ಯಾಗವನ್ನೇ ಉಪವಾಸವೆಂದರು. ಪಾನವೂ ಅದರಲ್ಲಿ ಸೇರಿದೆ, ಇದನ್ನು ಮರೆಮಾಚಬೇಕಾಗಿಲ್ಲ. ಆದರೆ 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಉಪವಾಸಕ್ಕೆ ಅಶಕ್ತರಾದವರು ಅನುಪವಾಸ ಮಾಡಲೆಂದು ವಿಧಿಸಿದ್ದಾರೆ. ಅನುಪವಾಸವೆಂದರೆ ನೀರೊಂದನ್ನುಳಿದು ಮಿಕ್ಕ ಆಹಾರವನ್ನೆಲ್ಲ ಬಿಡುವುದು. ಅದೂ ಆಗದವರಿಗೆ ಆಚಾಮ್ಲ, ನಿರ್ವಿಕೃತಿ ಮೊದಲಾದವುಗಳಿವೆ. ಷೋಡಶಕಾರಣ ಪೂಜೆಯಲ್ಲಿ ‘ಶಕ್ತಿತಸ್ತಪ’ ಎಂದು ಪಠಿಸುವ ನಾವು ಅದರ ಮೊದಲ ಪದವನ್ನು ನುಂಗಿಬಿಡುವುದೇಕೆ? ಸಲ್ಲೇಖನೆಯ ಕ್ರಮವನ್ನೇ ನೋಡಿರಿ: ಮೊದಲು ಅನ್ನ, ಆಮೇಲೆ ಹಾಲು ಮುಂತಾದ ಸ್ನಿಗ್ಧ ಪಾನ, ಕಟ್ಟಕಡೆಗೆ ನೀರು. ದೇಹವನ್ನೇ ಬಿಡಲು ಹೊರಟವರಿಗೂ ಆಚಾರ್ಯರು ನೀರನ್ನು ಕೊನೆಯವರೆಗೆ ಉಳಿಸಿಕೊಟ್ಟರು. ನಾಡಿದ್ದು ಪಾರಣೆ ಮಾಡಿ ಹೊಲಕ್ಕೋ ಅಂಗಡಿಗೋ ಹೋಗಬೇಕಾದ ಗೃಹಸ್ಥನು ಅದನ್ನು ಮೊದಲ ದಿನವೇ ಬಿಡಬೇಕೆಂದು ಹಟ ಹಿಡಿಯುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಪಿಪಾಸಾ ಪರೀಷಹವನ್ನು ಜಯಿಸುವ ಮುನಿಗಳ ಅಭ್ಯಾಸ ಬೇರೆ. ನಮಗಾದರೋ ಗಂಟಲೊಣಗಿದಾಗ ಚಿತ್ತವು ಆತ್ಮನ ಬಳಿ ನಿಲ್ಲದೆ ಗಡಿಯಾರದ ಮುಳ್ಳಿನ ಬಳಿ ನಿಲ್ಲುತ್ತದೆ. ಅದು ಆರ್ತಧ್ಯಾನವೇ ಸರಿ.

ಇನ್ನು ದೇಹದ ವಿಚಾರ. ನಮ್ಮ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರು. ಉಸಿರು, ಬೆವರು, ಮೂತ್ರಗಳಿಂದ ಅದು ಸದಾ ವ್ಯಯವಾಗುತ್ತದೆ. ಅನ್ನ, ಸಾರು, ಹಣ್ಣುಗಳಿಂದಲೂ ನಮಗೆ ಬಹಳಷ್ಟು ನೀರು ದೊರಕುತ್ತಿರುತ್ತದೆಂಬುದನ್ನು ನಾವು ಮರೆಯುತ್ತೇವೆ. ಉಪವಾಸದ ದಿನ ಆ ಮೂಲವೂ ನಿಲ್ಲುವುದರಿಂದ, ಅಂದು ಕುಡಿಯುವ ನೀರು ಎಂದಿಗಿಂತ ಹೆಚ್ಚೇ ಬೇಕು. ನೀರು ತಗ್ಗಿದರೆ ರಕ್ತದ ಪ್ರಮಾಣ ತಗ್ಗಿ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ, ಮೂತ್ರಪಿಂಡಗಳಿಗೆ ಪೆಟ್ಟಾಗುತ್ತದೆ. ವೃದ್ಧಾಪ್ಯದಲ್ಲಿ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಭಾದ್ರಪದದ ಮಳೆಯ ತಂಪು ಅದನ್ನು ಮತ್ತಷ್ಟು ಮರೆಸುತ್ತದೆ. ಫಾಲ್ಗುಣದ ಅಷ್ಟಾಹ್ನಿಕದ ಬಿಸಿಲಾದರೂ ಎಚ್ಚರಿಸುತ್ತದೆ. ಆದುದರಿಂದ ‘ನನಗೆ ದಾಹವಿಲ್ಲ’ ಎಂಬ ಹಿರಿಯರ ಮಾತನ್ನು ಪ್ರಮಾಣವೆಂದು ತಿಳಿಯಬಾರದು.

ಏಕಾಶನದವರು ಒಂದೇ ಕೂರಿನಲ್ಲಿ ಚೊಂಬುಗಟ್ಟಲೆ ಕುಡಿಯುತ್ತಾರೆ. ಅದರಲ್ಲಿ ಹೆಚ್ಚಿನದು ಕೆಲವೇ ತಾಸುಗಳಲ್ಲಿ ಹೊರಹೋಗುತ್ತದೆ. ವ್ರತದಲ್ಲಿ ಜಲಕ್ಕೆ ಅವಕಾಶವಿಟ್ಟುಕೊಂಡವರು ಸೂರ್ಯಾಸ್ತದವರೆಗೆ ಹಂಚಿ ಕುಡಿಯುವುದು ಲೇಸು. ರಾತ್ರಿ ನೀರು ಬಿಟ್ಟವರಿಗಂತೂ ಮುಂದಿನ ಹನ್ನೆರಡು ತಾಸಿಗೆ ಹಗಲಿನ ನೀರೇ ಆಧಾರ.

ಇಲ್ಲಿ ಮನೆಯವರ ಸಂಕಟವೂ ಒಂದಿದೆ. ಗಾಳಿಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಮತ್ತೆ ಮತ್ತೆ ಇಮ್ಮಡಿ ಬಟ್ಟೆ ಹಿಡಿದು ಗಾಳಿಸಿ, ಜೀವಾಣಿಯನ್ನು ಅದೇ ಬಾವಿಗೆ ಮರಳಿಸುವ ಶ್ರಮಕ್ಕೆ ಬೇಸತ್ತು ಅನೇಕರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದು ಅಹಿಂಸೆಯಲ್ಲ, ಆಲಸ್ಯ. ಗಾಳಿಸಿ ಚೆನ್ನಾಗಿ ಕುದಿಸಿದ ನೀರಿಗೆ 24 ತಾಸಿನ ಮರ್ಯಾದೆಯಿದೆ. ಬೆಳಗ್ಗೆ ಒಂದು ಪಾತ್ರೆ ಕುದಿಸಿಟ್ಟರೆ ಮನೆಮಂದಿಗೆಲ್ಲ ಸಾಕು. ಪ್ರಯಾಣಕ್ಕೂ ಸ್ಟೀಲಿನ ಬಾಟಲಿಯಲ್ಲಿ ಒಯ್ಯಬಹುದು.

ಎಲ್ಲರಿಗೂ ಒಂದೇ ಅಳತೆಯಿಲ್ಲ. ಹೃದಯ ಅಥವಾ ಮೂತ್ರಪಿಂಡದ ರೋಗಿಗಳಿಗೆ ವೈದ್ಯರು ನೀರನ್ನು ಮಿತಗೊಳಿಸಿರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮಾತ್ರೆ ಸೇವಿಸುವವರು ಸಂಕಲ್ಪಕ್ಕೆ ಮುನ್ನವೇ ವೈದ್ಯರನ್ನು ಕೇಳಿ, ಜಲಸಹಿತವೋ ಜಲರಹಿತವೋ ಎಂಬುದನ್ನು ಗುರುಗಳ ಮುಂದೆ ಸ್ಪಷ್ಟವಾಗಿ ನುಡಿದು ವ್ರತ ಹಿಡಿಯಲಿ. ಪಾಠಶಾಲೆಯ ಮಕ್ಕಳಿಂದ ನಿರ್ಜಲ ವ್ರತ ಮಾಡಿಸಿ ಸಭೆಯಲ್ಲಿ ಹಾರ ಹಾಕುವ ರೂಢಿಯನ್ನಂತೂ ನಾನು ಒಪ್ಪಲಾರೆ.

ವ್ರತಿಕರ ಮೂತ್ರ ಗಾಢ ಹಳದಿಯಾಗಿ ಬಹಳ ಕಡಿಮೆಯಾದರೆ, ನಾಲಗೆ ಒಣಗಿ ಮಾತು ತಡವರಿಸಿದರೆ, ಮನೆಯವರು ಕಾದು ಕೂರಬಾರದು. ಎಚ್ಚರವಿದ್ದರೆ ನೀರು ಕುಡಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಪ್ರಾಯಶ್ಚಿತ್ತವನ್ನು ಅವರು ಚೇತರಿಸಿಕೊಂಡ ಮೇಲೆ ಮುನಿಮಹಾರಾಜರಲ್ಲಿ ಕೇಳಿಕೊಳ್ಳಬಹುದು.